ಒಂದೇ ದಿನ 833 ಆಪರೇಷನ್: ಬೀಳಗಿಯ ಡಾ. ಎಂ.ಸಿ. ಮೋದಿ ಮತ್ತು ಪಾಪೆ ಅರಳಿಸುವ ಹನಿ

ಕಣ್ಣಿನ ಪೊರೆ ತೆಗೆಸಿಕೊಳ್ಳೋದು ಈಗ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ದೊಡ್ಡ ಸುದ್ದಿಯೇನಲ್ಲ. ಬೆಳಿಗ್ಗೆ ಬಸ್ ಹತ್ತಿ ಬಳ್ಳಾರಿಗೋ, ದಾವಣಗೆರೆಗೋ, ಹುಬ್ಬಳ್ಳಿಗೋ ಹೋಗ್ತಾರೆ. ಕಪ್ಪು ಕನ್ನಡಕ ಹಾಕ್ಕೊಂಡು ವಾಪಸ್ ಬರ್ತಾರೆ. ವಾರ ಕಳೆದ ಮೇಲೆ ಅಂಗಡಿ ಗಲ್ಲಾದ ಮುಂದೆ ಕೂತು ನೋಟು ಎಣಿಸ್ತಿರ್ತಾರೆ.

ಎರಡು ತಲೆಮಾರಿನ ಹಿಂದೆ ಹೀಗಿರಲಿಲ್ಲ. ಪೊರೆ ಬಂತು ಅಂದ್ರೆ ಮನೆ ಕಟ್ಟೆ ಮೇಲೆ ಕೂತು ದನಿಯಿಂದಲೇ ಮಂದಿನ ಗುರುತು ಹಿಡಿಯೋ ಕಾಲ ಬಂತು ಅಂತಲೇ ಲೆಕ್ಕ. ಬಯಲಿಗೆ ಹೋಗೋದಕ್ಕೂ ಮೊಮ್ಮಗನ ಕೈ ಹಿಡಿಬೇಕು. ಪಟ್ಟಣದ ದೊಡ್ಡಾಸ್ಪತ್ರೆ ದೂರ, ಖರ್ಚು ಭಾರ, ಜೊತೆಗೆ ಕಣ್ಣಿಗೆ ಚಾಕು ಹಾಕಿಸೋದು ಅಂದ್ರೆ ಎದೆ ನಡುಕ. ಅಂಥ ಕಾಲದಲ್ಲಿ ರೋಗಿ ಆಸ್ಪತ್ರೆಗೆ ಬರಲಿ ಅಂತ ಕಾಯದೆ, ಆಸ್ಪತ್ರೆಯನ್ನೇ ಹಳ್ಳಿಗೆ ಒಯ್ದವರು ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ. ಜನ ಅವರಿಗೆ ಇಟ್ಟ ಹೆಸರು ಕಣ್ಣು ಕೊಟ್ಟ ಅಣ್ಣ.

ಅವರ ಹೆಸರು ಬಂದಾಗಲೆಲ್ಲ ಅವರ ಕೈ ಚಳಕದ ಮಾತು ಬರುತ್ತೆ. ಆದರೆ ಆ ಚಳಕದ ಹಿಂದೆ ಇನ್ನೊಂದು ಕೆಲಸ ಇದೆ. ವೈದ್ಯರು ಮೇಜಿನ ಹತ್ತಿರ ಬರೋ ಮೊದಲೇ ಕಣ್ಣು ಸಿದ್ಧವಾಗಿರಬೇಕು. ಆ ಸಿದ್ಧತೆಯಲ್ಲಿ ಒಂದು ಸಣ್ಣ ಸೀಸೆಯ ಹನಿಗೆ ದೊಡ್ಡ ಪಾಲಿದೆ. ಇವತ್ತು ನಿಮ್ಮ ಮನೆಯ ಹಿರಿಯರು ಆಪರೇಷನ್‌ಗೆ ಹೊರಟಿದ್ದರೆ ಈ ಹನಿಯ ಕಥೆ ತಿಳಿದಿರೋದು ಒಳ್ಳೇದು.

ಬೀಳಗಿಯಿಂದ ಹೊರಟವರು

ಮೋದಿಯವರು ಹುಟ್ಟಿದ್ದು 1916ರ ಅಕ್ಟೋಬರ್ 4ರಂದು, ಬೀಳಗಿಯಲ್ಲಿ. ಆಗ ಬೀಳಗಿ ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಈಗ ಬಾಗಲಕೋಟೆ ಜಿಲ್ಲೆ. ನಮ್ಮ ಬಳ್ಳಾರಿ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕನ್ನಡ ಮಾತಾಡೋ ಜನ ಹೀಗೆ ಬೇರೆ ಬೇರೆ ಸರ್ಕಾರಗಳ ಕೆಳಗೆ ಹಂಚಿಹೋಗಿದ್ದರು. ಆದರೆ ಬಿಸಿಲು ಒಂದೇ, ಧೂಳು ಒಂದೇ, ಕಣ್ಣಿನ ಕಷ್ಟವೂ ಒಂದೇ.

ಕಣ್ಣಿನ ವೈದ್ಯರಾಗಿ ಅವರು ಸಾಮೂಹಿಕ ಶಸ್ತ್ರಚಿಕಿತ್ಸೆಯ ಕೆಲಸ ಶುರು ಮಾಡಿದ್ದು 1943ರಲ್ಲಿ. ಅವರಿಗಾಗ ಇನ್ನೂ ಇಪ್ಪತ್ತೇಳು ತುಂಬುವ ವಯಸ್ಸು. ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ. ಅಂಧತ್ವ ತಡೆಯೋಕೆ ಅಂತ ಭಾರತ ಸರ್ಕಾರ ರಾಷ್ಟ್ರೀಯ ಕಾರ್ಯಕ್ರಮ ತಂದಿದ್ದು 1976ರಲ್ಲಿ. ಅಂದ್ರೆ ಅದಕ್ಕೂ ಮೂವತ್ತಮೂರು ವರ್ಷ ಮೊದಲೇ ಅವರು ಹಳ್ಳಿ ದಾರಿ ಹಿಡಿದಿದ್ದರು.

ಆ ಹೊತ್ತಿಗೆ ಹಳ್ಳಿಗಳಲ್ಲಿ ಪೊರೆಗೆ ಇದ್ದ ಮದ್ದು ಅಂದ್ರೆ ಊರೂರು ತಿರುಗೋ ನಾಟಿ ಮಂದಿಯ ಸೂಜಿ. ಬೆಳ್ಳಗಾದ ಮಸೂರವನ್ನು ಸೂಜಿಯಿಂದ ಕಣ್ಣಿನ ಒಳಕ್ಕೇ ತಳ್ಳಿಬಿಡೋದು. ಸುಶ್ರುತ ಸಂಹಿತೆಯ ಕಾಲದಿಂದಲೂ ಬಂದ ಪದ್ಧತಿ ಅದು. ತಕ್ಷಣ ಬೆಳಕು ಕಂಡು ಮನೆಯವರಿಗೆ ಖುಷಿಯಾಗ್ತಿತ್ತು. ಆದರೆ ಒಳಗೆ ಬಿದ್ದ ಮಸೂರ ಕೊಳೆತು, ಕೀವಾಗಿ, ಒತ್ತಡ ಏರಿ ಎಷ್ಟೋ ಜನ ಇದ್ದ ಬೆಳಕನ್ನೂ ಕಳಕೊಳ್ತಿದ್ದರು. ಅಷ್ಟೊತ್ತಿಗೆ ಸೂಜಿ ಹಾಕಿದವನು ಊರು ಬಿಟ್ಟು ಹೋಗಿರ್ತಿದ್ದ. ಈ ಅನುಭವದ ಮೇಲೆ ಜನರ ನಂಬಿಕೆ ಗಳಿಸೋದು ಸುಲಭದ ಕೆಲಸ ಆಗಿರಲಿಲ್ಲ.

ಮೋದಿಯವರು ಸಂಚಾರಿ ಕಣ್ಣಾಸ್ಪತ್ರೆ ಕಟ್ಟಿಕೊಂಡು ತಿರುಗಿದರು. ಬಡವರಿಗೆ ಉಚಿತ. ಸಾಲಾಗಿ ಮೇಜು, ಮೇಜಿನ ಮೇಲೆ ರೋಗಿಗಳು. ಸಹಾಯಕರು ಮುಂಚೆಯೇ ಎಲ್ಲ ಸಿದ್ಧ ಮಾಡಿಡ್ತಿದ್ದರು. ವೈದ್ಯರು ಒಂದು ಮೇಜು ಮುಗಿಸಿ ಮುಂದಿನ ಮೇಜಿಗೆ ನಡೀತಿದ್ದರು. 1956ರಲ್ಲಿ ಪದ್ಮಶ್ರೀ ಬಂತು. ಕನ್ನಡ ನಾಡು ಒಂದಾದ ವರ್ಷವೂ ಅದೇ. 1968ರಲ್ಲಿ ಪದ್ಮಭೂಷಣ ಬಂತು. ಅದೇ 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿ ಗಿನ್ನೆಸ್ ದಾಖಲೆ ಪುಸ್ತಕ ಸೇರಿದರು.

ಲೆಕ್ಕ ಹಾಕಿ ನೋಡಿ

ವ್ಯಾಪಾರಸ್ಥರಿಗೆ ಲೆಕ್ಕ ಹೇಳಿದರೆ ಬೇಗ ತಿಳಿಯುತ್ತೆ. ಹದಿನಾಲ್ಕು ಗಂಟೆ ಅಂದ್ರೆ 840 ನಿಮಿಷ. ಊಟ, ನೀರು, ವಿಶ್ರಾಂತಿ ಏನೂ ಇಲ್ಲದೆ ಹದಿನಾಲ್ಕು ಗಂಟೆ ನಿಂತರೂ ಒಂದು ಕಣ್ಣಿಗೆ ಸಿಗೋದು ಸುಮಾರು ಒಂದು ನಿಮಿಷ.

ಗಿನ್ನೆಸ್ ಪುಸ್ತಕದ ಪ್ರಕಾರ 1993ರ ಫೆಬ್ರವರಿವರೆಗೆ ಅವರು ಹೋದ ಹಳ್ಳಿಗಳು 46,120. ನೋಡಿದ ರೋಗಿಗಳು 1,21,18,630. ಮಾಡಿದ ಆಪರೇಷನ್ 6,10,564. ನಮ್ಮ ಇಡೀ ಕರ್ನಾಟಕದಲ್ಲಿರೋ ಹಳ್ಳಿಗಳೇ ಮೂವತ್ತು ಸಾವಿರದೊಳಗೆ ಅನ್ನೋದು ನೆನಪಿಟ್ಟುಕೊಳ್ಳಿ. ಐವತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹನ್ನೆರಡು ಸಾವಿರಕ್ಕೂ ಮೇಲೆ ಆಪರೇಷನ್. ಹಬ್ಬ, ಅಮಾವಾಸ್ಯೆ, ಪ್ರಯಾಣದ ದಿನ ಎಲ್ಲ ಸೇರಿಸಿದರೂ ದಿನಕ್ಕೆ ಮೂವತ್ತಮೂರು.

ಇದೇ ಅಂಕಿಯಲ್ಲಿ ಇನ್ನೊಂದು ವಿಷಯ ಅಡಗಿದೆ. ನೋಡಿದ ಇಪ್ಪತ್ತು ಜನರಲ್ಲಿ ಚಾಕು ಹಾಕಿದ್ದು ಒಬ್ಬರಿಗೆ. ಉಳಿದ ಹತ್ತೊಂಬತ್ತು ಮಂದಿಯನ್ನೂ ನೋಡಿ, ಆಪರೇಷನ್ ಬೇಕೋ ಬೇಡವೋ ಅಂತ ವಿಂಗಡಿಸಿ ಕಳಿಸಬೇಕಿತ್ತು. ದಾಖಲೆಗೆ ಸೇರಿದ್ದು ಚಾಕುವಿನ ವೇಗ. ಆದರೆ ದಿನದ ಹೆಚ್ಚು ಹೊತ್ತು ತಿಂದದ್ದು ಈ ತಪಾಸಣೆ ಮತ್ತು ತಯಾರಿ.

ಚಾಕು ಮುಟ್ಟೋ ಮೊದಲೇ ಅರ್ಧ ಕೆಲಸ

ಇಲ್ಲಿ ಹನಿಯ ಮಾತು ಬರುತ್ತೆ. ಕಣ್ಣಿನ ನಡುವೆ ಕಪ್ಪಗೆ ಕಾಣೋ ಪಾಪೆ ನಿಜವಾಗಿ ಒಂದು ಕಿಂಡಿ. ಅದರ ಹಿಂದೆ ಮಸೂರ ಇರುತ್ತೆ. ಆ ಮಸೂರ ಮಬ್ಬಾಗೋದೇ ಪೊರೆ. ಹಗಲು ಬೆಳಕಲ್ಲಿ ಪಾಪೆಯ ಅಗಲ 2ರಿಂದ 4 ಮಿಲಿಮೀಟರ್. ಮಸೂರದ ಅಗಲ 9ರಿಂದ 10 ಮಿಲಿಮೀಟರ್. ಸಣ್ಣ ಬಾಗಿಲಿನ ಕೋಣೆಯಿಂದ ದೊಡ್ಡ ಪೆಟ್ಟಿಗೆ ಹೊರಗೆ ತೆಗೆಯಬೇಕಾದ ಹಾಗೆ. ಬಾಗಿಲು ಹಿಗ್ಗಿಸದೆ ಎಳೆದರೆ ಚೌಕಟ್ಟೇ ಕಿತ್ತು ಬರುತ್ತೆ.

ಹಡಗಲಿ ಮಲ್ಲಿಗೆ ಮೊಗ್ಗು ಸಂಜೆ ಕತ್ತಲಾಗ್ತಿದ್ದ ಹಾಗೆ ಬಿರಿಯುತ್ತಲ್ಲ, ಪಾಪೆಯೂ ಹಾಗೇ ಕತ್ತಲಲ್ಲಿ ತಾನಾಗಿ ಅರಳುತ್ತೆ, ಬೆಳಕು ಬಿದ್ದರೆ ಮುದುಡುತ್ತೆ. ಆದರೆ ಆಪರೇಷನ್ ನಡೆಯೋದು ಪ್ರಖರವಾದ ಬೆಳಕಿನ ಕೆಳಗೆ. ಅಷ್ಟು ಬೆಳಕಿದ್ದೂ ಪಾಪೆ ಮುದುಡಬಾರದು. ಅದಕ್ಕೇ ಹನಿ.

ಪಾಪೆಯ ಸುತ್ತ ಎರಡು ಥರದ ಸ್ನಾಯು ಇವೆ. ಒಂದು ಎಲೆ ಅಡಿಕೆ ಸಂಚಿಯ ದಾರದ ಹಾಗೆ. ಬಿಗಿದರೆ ಬಾಯಿ ಮುಚ್ಚುತ್ತೆ. ಇನ್ನೊಂದು ಬಂಡಿ ಗಾಲಿಯ ಅರಗಳ ಹಾಗೆ ನಡುವಿನಿಂದ ಹೊರಕ್ಕೆ ಹರಡಿರೋದು. ಅದು ಎಳೆದರೆ ಬಾಯಿ ತೆರೆಯುತ್ತೆ. ಒಂದು ಜಾತಿಯ ಔಷಧಿ ಸಂಚಿಯ ದಾರ ಸಡಿಲ ಮಾಡುತ್ತೆ. ಅಟ್ರೋಪಿನ್, ಹೋಮಟ್ರೋಪಿನ್, ಟ್ರೋಪಿಕಮೈಡ್ ಇದೇ ಗುಂಪು. ಇನ್ನೊಂದು ಜಾತಿ ಅರಗಳನ್ನು ಹೊರಕ್ಕೆ ಎಳೆಯುತ್ತೆ. ಫಿನೈಲೆಫ್ರಿನ್ ಈ ಕೆಲಸದ್ದು. ಎರಡನ್ನೂ ಸೇರಿಸಿ ಹಾಕಿದಾಗ ಪಾಪೆ ಚೆನ್ನಾಗಿ ಅರಳಿ ನಿಲ್ಲುತ್ತೆ.

ಹನಿ ಹಾಕಿದ ತಕ್ಷಣ ಕೆಲಸ ಆಗೋದಿಲ್ಲ. ಕಾಯಬೇಕು, ಮತ್ತೆ ಹಾಕಬೇಕು. ಹೀಗಾಗಿ ಯಾವುದೇ ಸಾಮೂಹಿಕ ಶಿಬಿರ ನಡೀಬೇಕಾದ್ರೆ ನೂರಾರು ಕಣ್ಣುಗಳಿಗೆ ಹೊತ್ತಿಗೆ ಸರಿಯಾಗಿ ಹನಿ ಬಿದ್ದಿರಬೇಕು. ನೋವು ಗೊತ್ತಾಗದಂತೆ ಮದ್ದು ಕೊಟ್ಟಿರಬೇಕು, ಯಾವ ಕಣ್ಣು ಅಂತ ಗುರುತಾಗಿರಬೇಕು. ಒಂದು ಕಣ್ಣು ಸಿದ್ಧವಾಗಿಲ್ಲ ಅಂದ್ರೆ ಇಡೀ ಸಾಲು ನಿಲ್ಲುತ್ತೆ. ನಿಮಿಷಕ್ಕೊಂದು ಕಣ್ಣು ಅನ್ನೋ ಮೋದಿಯವರ ವೇಗ ಒಬ್ಬರ ಕೈಯಿಂದ ಮಾತ್ರ ಬರುವಂಥದ್ದಲ್ಲ. ಆ ಕೈ ತಲುಪೋ ಮೊದಲು ಹೆಸರಿಲ್ಲದ ಎಷ್ಟೋ ಕೈ ದುಡಿದಿರ್ತಿದ್ದವು.

ಉಮ್ಮತ್ತಿ ಗಿಡದ ನೆಂಟ

ಆ ಕಾಲದ ಕಣ್ಣಾಸ್ಪತ್ರೆಗಳಲ್ಲಿ ಮುಖ್ಯವಾದ ಹನಿ ಅಟ್ರೋಪಿನ್. ಯುರೋಪಿನ ಬೆಲ್ಲಡೋನ ಅನ್ನೋ ವಿಷದ ಗಿಡದಿಂದ ಇದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು 1831ರಲ್ಲಿ, ಜರ್ಮನಿಯ ಮೈನ್ ಅನ್ನೋ ಔಷಧಿಗಾರ. ಬೆಲ್ಲಡೋನ ಅಂದ್ರೆ ಇಟಲಿ ಭಾಷೆಯಲ್ಲಿ ಚೆಲುವೆ. ಕಣ್ಣು ದೊಡ್ಡದಾಗಿ ಕಾಣಲಿ ಅಂತ ಅಲ್ಲಿನ ಹೆಂಗಸರು ಹಿಂದೆ ಇದರ ರಸ ಹಾಕ್ಕೊಳ್ತಿದ್ದರಂತೆ.

ನಮ್ಮ ಹೊಲದ ಬದುವಿನಲ್ಲಿ, ತಿಪ್ಪೆ ಪಕ್ಕದಲ್ಲಿ ಬೆಳೆಯೋ ಉಮ್ಮತ್ತಿ, ಅಂದ್ರೆ ದತ್ತೂರಿ ಗಿಡ, ಇದರ ಹತ್ತಿರದ ನೆಂಟ. ಅದರಲ್ಲೂ ಇದೇ ಜಾತಿಯ ವಿಷ ಇದೆ. ಕಳೆ ಕೀಳುವಾಗ ಆ ರಸ ತಗುಲಿದ ಕೈಯಿಂದ ಕಣ್ಣು ಉಜ್ಜಿಕೊಂಡರೆ ಒಂದು ಕಣ್ಣಿನ ಪಾಪೆ ಅಗಲವಾಗಿ ಮಬ್ಬಾಗೋದುಂಟು. ಹಾಗಾದ್ರೆ ಹೆದರಿ ಮನೆಮದ್ದು ಮಾಡದೆ, ನೀರಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ಗಿಡದ ಹೆಸರು ಹೇಳಬೇಕು. ಯಾರೋ ಹೇಳಿದರು ಅಂತ ಯಾವ ಗಿಡದ ರಸವನ್ನೂ ಕಣ್ಣಿಗೆ ಹಾಕಬಾರದು.

ಅಟ್ರೋಪಿನ್‌ನ ಕಷ್ಟ ಏನಂದ್ರೆ ಹಾಕಿದ ಮೇಲೆ ವಾರಕ್ಕೂ ಹೆಚ್ಚು ಕಾಲ ಪಾಪೆ ತೆರೆದೇ ಇರುತ್ತೆ. ಆಮೇಲೆ ಬಂದ ಟ್ರೋಪಿಕಮೈಡ್ ಅರ್ಧ ಗಂಟೆಯೊಳಗೆ ಕೆಲಸ ಮಾಡಿ, ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತೆ. ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಹಾಕೋದು ಟ್ರೋಪಿಕಮೈಡ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಹನಿ.

ಸೋಡಾ ಬಾಟ್ಲಿ ಕನ್ನಡಕದ ಕಾಲ

ಆಗಿನ ಪದ್ಧತಿಯಲ್ಲಿ ಮಬ್ಬಾದ ಮಸೂರವನ್ನು ಅದರ ಚೀಲದ ಸಮೇತ ಇಡಿಯಾಗಿ ಹೊರಗೆ ತೆಗೀತಿದ್ದರು. ಗಾಯ ದೊಡ್ಡದು. ರೋಗಿ ದಿನಗಟ್ಟಲೆ ಅಲುಗಾಡದೆ ಮಲಗಬೇಕು. ಮಸೂರ ಹೋದ ಜಾಗಕ್ಕೆ ಬೇರೆ ಏನೂ ಹಾಕ್ತಿರಲಿಲ್ಲ. ಬದಲಿಗೆ ದಪ್ಪ ಗಾಜಿನ ಕನ್ನಡಕ. ನಮ್ಮ ಮಂದಿ ಅದಕ್ಕೆ ಸೋಡಾ ಬಾಟ್ಲಿ ಕನ್ನಡಕ ಅಂತಿದ್ದರು. ಅದರಲ್ಲಿ ಎಲ್ಲವೂ ಇರೋದಕ್ಕಿಂತ ದೊಡ್ಡದಾಗಿ, ಹತ್ತಿರ ಇದ್ದ ಹಾಗೆ ಕಾಣ್ತಿತ್ತು. ಮೆಟ್ಟಿಲು ಇಳಿಯೋಕೆ ಹೋಗಿ ಎಡವಿದವರು, ನೀರಿನ ಲೋಟ ಹಿಡಿಯೋಕೆ ಹೋಗಿ ಗಾಳಿ ಹಿಡಿದವರು ಬಹಳ. ಕನ್ನಡಕ ಒಡೆಯಿತು ಅಂದ್ರೆ ಮತ್ತೆ ಕಟ್ಟೆಯೇ ಗತಿ.

ಕಣ್ಣೊಳಗೇ ಕೃತಕ ಮಸೂರ ಇಡೋ ಕೆಲಸವನ್ನು ಲಂಡನ್ನಿನ ಹ್ಯಾರಲ್ಡ್ ರಿಡ್ಲಿ 1949ರಲ್ಲೇ ಮಾಡಿ ತೋರಿಸಿದ್ದರು. ಅದು ನಮ್ಮ ಬಡವರ ಕಣ್ಣಿಗೆ ಬರೋಕೆ ದಶಕಗಳೇ ಹಿಡಿದವು. ಹಾಗಿದ್ದರೂ ಆ ದಪ್ಪ ಕನ್ನಡಕದ ಬೆಲೆ ಕಡಿಮೆಯೇನಲ್ಲ. ಕುರುಡಾಗಿ ಕೂತವರು ಮತ್ತೆ ಹೊಲ ನೋಡಿದರು, ಮೊಮ್ಮಕ್ಕಳ ಮುಖ ನೋಡಿದರು, ಸಂತೆಗೆ ಒಬ್ಬರೇ ಹೋಗಿ ಬಂದರು.

ಶಿಬಿರದ ರೀತಿ ಬದಲಾಯ್ತು

ಸಾಮೂಹಿಕ ಶಿಬಿರಗಳ ಇನ್ನೊಂದು ಮುಖವನ್ನೂ ಹೇಳಬೇಕು. ಶಾಲೆ, ಛತ್ರಗಳಲ್ಲಿ ನೂರಾರು ಆಪರೇಷನ್ ಮಾಡುವಾಗ ಸೋಂಕಿನ ಭಯ ಇದ್ದೇ ಇರುತ್ತೆ. ದೇಶದ ಬೇರೆ ಬೇರೆ ಕಡೆ ಶಿಬಿರಗಳಲ್ಲಿ ಸೋಂಕು ತಗುಲಿ ಜನ ಕಣ್ಣು ಕಳಕೊಂಡ ಘಟನೆ ಆಗಿವೆ. ಆಪರೇಷನ್ ಆದ ಮೇಲೆ ವೈದ್ಯರು ಮುಂದಿನ ಊರಿಗೆ ಹೋದ್ರೆ ತೊಂದರೆಯಾದವರನ್ನು ನೋಡೋರು ಯಾರು ಅನ್ನೋ ಪ್ರಶ್ನೆಯೂ ಇತ್ತು. ಮೈಕ್ರೋಸ್ಕೋಪ್, ಒಳಗಿಡೋ ಮಸೂರ ಬಂದ ಮೇಲಂತೂ ಛತ್ರದಲ್ಲಿ ಈ ಕೆಲಸ ಆಗೋ ಹಾಗಿರಲಿಲ್ಲ.

ಹೀಗಾಗಿ ಈಗ ಹಳ್ಳಿಯಲ್ಲಿ ತಪಾಸಣೆ ಮಾತ್ರ. ಪೊರೆ ಇದ್ದವರನ್ನು ವ್ಯಾನ್ ಹತ್ತಿಸಿ ಆಸ್ಪತ್ರೆಗೆ ಕರಕೊಂಡು ಹೋಗಿ, ಆಪರೇಷನ್ ಮುಗಿಸಿ ವಾಪಸ್ ತಂದು ಬಿಡ್ತಾರೆ. ರೀತಿ ಬದಲಾಗಿದೆ. ಆದರೆ ಬೇರು ಅದೇ. ಬಡವನಿಗೆ ಹಣ ಇಲ್ಲ, ದಾರಿ ಗೊತ್ತಿಲ್ಲ ಅನ್ನೋ ಕಾರಣಕ್ಕೆ ಕಣ್ಣು ಹೋಗಬಾರದು, ನಾವೇ ಅವನ ಊರಿಗೆ ಹೋಗಬೇಕು ಅನ್ನೋ ವಿಚಾರ. ಮೋದಿಯವರು ಅರ್ಧ ಶತಮಾನ ಮಾಡಿ ತೋರಿಸಿದ್ದು ಇದನ್ನೇ. ಬೆಂಗಳೂರಿನ ಮಹಾಲಕ್ಷ್ಮಿಪುರದ ಕಡೆ ಅವರ ಹೆಸರಿನ ಕಣ್ಣಾಸ್ಪತ್ರೆ ಇದೆ. ಆ ರಸ್ತೆಯನ್ನೇ ಜನ ಮೋದಿ ಆಸ್ಪತ್ರೆ ರಸ್ತೆ ಅಂತ ಕರೀತಾರೆ.

2005ರ ಎರಡು ಸಂಗತಿ

2005ರ ನವೆಂಬರ್ 11ರಂದು ಡಾ. ಮೋದಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ 89 ವರ್ಷ ಆಗಿತ್ತು.

ಅದೇ ವರ್ಷ ಅಮೆರಿಕದ ಡೇವಿಡ್ ಚಾಂಗ್ ಮತ್ತು ಜಾನ್ ಕ್ಯಾಂಪ್‌ಬೆಲ್ ಅನ್ನೋ ಕಣ್ಣಿನ ವೈದ್ಯರು ಒಂದು ಹೊಸ ವಿಷಯ ಬೆಳಕಿಗೆ ತಂದರು. ಕೆಲವು ಗಂಡಸರಿಗೆ ಎಷ್ಟು ಹನಿ ಹಾಕಿದರೂ ಪಾಪೆ ಸರಿಯಾಗಿ ಅರಳ್ತಿರಲಿಲ್ಲ. ಅರಳಿದರೂ ಆಪರೇಷನ್ ನಡುವೆ ಮುದುಡಿಬಿಡ್ತಿತ್ತು. ಪಾಪೆಯ ಸುತ್ತಲಿನ ಪರದೆ ಒದ್ದೆ ಬಟ್ಟೆಯಂತೆ ಜೋಲಾಡ್ತಿತ್ತು. ಹುಡುಕಿದಾಗ ಸಿಕ್ಕ ಕಾರಣ, ಮೂತ್ರದ ತೊಂದರೆಗೆ, ಅಂದ್ರೆ ಪ್ರಾಸ್ಟೇಟ್ ಗ್ರಂಥಿ ದಪ್ಪಗಾದದ್ದಕ್ಕೆ ನುಂಗೋ ಟ್ಯಾಮ್ಸುಲೋಸಿನ್ ಮಾತ್ರೆ. ಮೂತ್ರದ ದಾರಿ ಸಡಿಲ ಮಾಡೋ ಆ ಮಾತ್ರೆ ಪಾಪೆ ಅರಳಿಸೋ ಸ್ನಾಯುವನ್ನೂ ಸೋಲಿಸ್ತಿತ್ತು.

ನಮ್ಮ ಕಡೆ ಅರವತ್ತು ದಾಟಿದ ಎಷ್ಟೋ ಗಂಡಸರು ಇಂಥ ಮಾತ್ರೆ ತಗೋತಾರೆ. ಕಿಡ್ನಿ ಕಲ್ಲಿಗೂ ಕೆಲವೊಮ್ಮೆ ಇದನ್ನೇ ಕೊಡ್ತಾರೆ. ಆದರೆ ಕಣ್ಣಿನ ಡಾಕ್ಟರ್ ಹತ್ರ ಮೂತ್ರದ ಮಾತು ಯಾಕೆ ಅಂತ ಸುಮ್ಮನಿರ್ತಾರೆ. ಸೊಸೆ, ಮಗಳು ಜೊತೆಗಿದ್ದರೆ ನಾಚಿಕೆ ಬೇರೆ. ಈ ಒಂದು ಮುಚ್ಚುಮರೆ ಹದಿನೈದು ನಿಮಿಷದ ಆಪರೇಷನ್ನನ್ನು ಕಷ್ಟಕ್ಕೆ ಸಿಕ್ಕಿಸಬಹುದು. ಮೊದಲೇ ಹೇಳಿದರೆ ವೈದ್ಯರು ಅದಕ್ಕೆ ತಕ್ಕ ಸಿದ್ಧತೆ ಮಾಡ್ಕೊಳ್ತಾರೆ. ಕಣ್ಣೊಳಗೇ ಔಷಧಿ ಹಾಕ್ತಾರೆ, ಪಾಪೆ ಹಿಡಿದು ನಿಲ್ಲಿಸೋ ಸಣ್ಣ ಕೊಕ್ಕೆ, ಉಂಗುರ ಬಳಸ್ತಾರೆ.

ಆಪರೇಷನ್‌ಗೆ ಹೋಗೋ ಮೊದಲು

ಕೆಲವು ಮಾತು ಮನೆಯವರೆಲ್ಲ ತಿಳಿದಿರಲಿ.

ಈಗ ನುಂಗ್ತಿರೋ ಎಲ್ಲ ಮಾತ್ರೆಗಳ ಪಟ್ಟಿ, ಇಲ್ಲವೇ ಖಾಲಿ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಒಯ್ಯಿರಿ. ಮೂತ್ರದ ಮಾತ್ರೆಯನ್ನು ಹಿಂದೆ ತಗೊಂಡು ಬಿಟ್ಟಿದ್ದರೂ ಹೇಳಿ. ಅದನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಆಪರೇಷನ್‌ಗೆ ಮೊದಲು ನಿಲ್ಲಿಸಿದ ಮಾತ್ರಕ್ಕೆ ತೊಂದರೆ ತಪ್ಪುತ್ತೆ ಅನ್ನೋ ಭರವಸೆ ಇಲ್ಲ. ಹೇಳೋದೇ ಮುಖ್ಯ.

ಬಹಳ ವರ್ಷದ ಸಕ್ಕರೆ ಕಾಯಿಲೆ ಇದ್ದರೂ ಪಾಪೆ ಸರಿಯಾಗಿ ಅರಳದೇ ಇರಬಹುದು. ಕಣ್ಣಿಗೆ ಹಿಂದೆ ಮುಳ್ಳು, ಜೋಳದ ಗರಿ ಚುಚ್ಚಿದ್ದರೆ, ಕಣ್ಣು ಕೆಂಪಾಗಿ ಬಹಳ ದಿನ ನರಳಿದ್ದರೆ ಅದನ್ನೂ ಹೇಳಿ. ಬಿಪಿ, ಹೃದಯದ ತೊಂದರೆ ಇದ್ದರೆ ಹನಿ ಹಾಕೋ ಮೊದಲೇ ತಿಳಿಸಿ. ಫಿನೈಲೆಫ್ರಿನ್ ಹನಿಯಿಂದ ಕೆಲವರಿಗೆ ಬಿಪಿ ಏರಬಹುದು.

ಆಸ್ಪತ್ರೆ ಬೆಂಚಿನ ಮೇಲೆ ಕೂರಿಸಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸಿಸ್ಟರ್ ಹನಿ ಹಾಕ್ತಿದ್ದರೆ ಸುಮ್ಮನೆ ಕಾಯಿಸ್ತಾರೆ ಅಂತ ಬೇಸರ ಬೇಡ. ಆ ಹನಿಗಳಲ್ಲಿ ಒಂದು ಉರಿ ತಡೆಯೋದಕ್ಕೂ ಇರುತ್ತೆ. ಫ್ಲುರ್ಬಿಪ್ರೊಫೆನ್, ಕೀಟೊರೊಲ್ಯಾಕ್ ಅಂತ ಹೆಸರು. ಕಣ್ಣಿಗೆ ಉಪಕರಣ ತಗುಲಿದ ಕೂಡಲೇ ಒಳಗೆ ಹುಟ್ಟೋ ರಾಸಾಯನಿಕಗಳು ಪಾಪೆಯನ್ನು ಮುದುಡಿಸೋಕೆ ನೋಡ್ತವೆ. ಈ ಹನಿ ಅದನ್ನು ತಡೆಯುತ್ತೆ. ಆಪರೇಷನ್ ನಡುವೆ ಕಣ್ಣೊಳಗೆ ಹರಿಸೋ ದ್ರವಕ್ಕೆ ಅಡ್ರಿನಲಿನ್ ಬೆರೆಸೋದೂ ಉಂಟು. ಫಿನೈಲೆಫ್ರಿನ್ ಮತ್ತು ಕೀಟೊರೊಲ್ಯಾಕ್ ಎರಡನ್ನೂ ಆ ದ್ರವದಲ್ಲೇ ಸೇರಿಸಿ ಹರಿಸೋ ಔಷಧಿಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ.

ಬರೀ ತಪಾಸಣೆಗೆ ಹನಿ ಹಾಕಿಸಿಕೊಂಡರೂ ನಾಲ್ಕಾರು ಗಂಟೆ ಹತ್ತಿರದ್ದು ಮಸುಕು. ಆ ಹೊತ್ತಲ್ಲಿ ಬೈಕ್ ಓಡಿಸಬೇಡಿ. ಅಂಗಡಿಯವರು ಅವತ್ತು ಖಾತೆ ಪುಸ್ತಕ, ಚೆಕ್ಕು ಮುಟ್ಟದಿರೋದು ಕ್ಷೇಮ. ಬಿಸಿಲಿಗೆ ಕಪ್ಪು ಕನ್ನಡಕ ಅಥವಾ ಟವೆಲ್ ಮರೆ ಇರಲಿ. ಹನಿ ಹಾಕಿದ ಮೇಲೆ ಕಣ್ಣು ಕೆಂಪಾಗಿ ವಿಪರೀತ ನೋವು, ತಲೆನೋವು, ವಾಂತಿ ಬಂದರೆ ತಡ ಮಾಡದೆ ಆಸ್ಪತ್ರೆಗೆ ಓಡಿ. ಕಣ್ಣೊಳಗಿನ ಒತ್ತಡ ಏರಿರಬಹುದು. ಚೀಟಿ ಇಲ್ಲದೆ ಪಾಪೆ ಅರಳಿಸೋ ಹನಿ ಕೇಳೋದೂ ಬೇಡ, ಮೆಡಿಕಲ್ ಶಾಪ್‌ನವರು ಕೊಡೋದೂ ಬೇಡ.

ಒಂದು ನಿಮಿಷದ ಚಾಕುವಿಗೆ ಗಂಟೆಗಟ್ಟಲೆ ತಯಾರಿ ಬೇಕು ಅನ್ನೋದು ಮೋದಿಯವರ ಶಿಬಿರದ ಸಾಲುಗಳಲ್ಲೂ ನಿಜ, ಇವತ್ತಿನ ಎಸಿ ಥಿಯೇಟರ್‌ನಲ್ಲೂ ನಿಜ. ವ್ಯತ್ಯಾಸ ಒಂದೇ. ಆಗ ಆ ತಯಾರಿಯೆಲ್ಲ ವೈದ್ಯರ ಕಡೆಯವರದ್ದು. ಈಗ ಅದರಲ್ಲಿ ನಮ್ಮದೂ ಒಂದು ಪಾಲಿದೆ. ಕಣ್ಣು ಕೊಟ್ಟ ಅಣ್ಣ ನಲವತ್ತಾರು ಸಾವಿರ ಹಳ್ಳಿ ತಿರುಗಿದರು. ನಮ್ಮ ಅಪ್ಪ, ಅಜ್ಜನ ಮಾತ್ರೆ ಚೀಟಿಯನ್ನು ಡಾಕ್ಟರ್ ಮುಂದೆ ಬಿಚ್ಚಿಡೋಕೆ ನಾವು ಒಂದು ಮೇಜು ದಾಟಿದರೆ ಸಾಕು.